ಶಂಕರಪಾಳಿಯಲ್ಲಿ ಲವಣಪ್ರವೇಶ: ಒಂದು ಪಠ್ಯವಿಮರ್ಶಾತ್ಮಕ ಅಧ್ಯಯನ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಹರಡಿಕೊಂಡಿರುವ ನಮ್ಮ ಮನೆತನದ ಬಳಿ ಶಂಕರಪಾಳಿ ಕುರಿತ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಯಾರದೋ ಲಗ್ನಪತ್ರಿಕೆಯ ಹಿಂಬದಿಗೆ ಶಾಯಿಪೆನ್ನಿನಲ್ಲಿ ಬರೆದ ಐದು ಸಾಲಿನ ಕೃತಿ ಇದು. ಹಾಲು ಒಂದು ವಾಟಿ, ಸಕ್ಕರಿ ಒಂದು ವಾಟಿ, ತುಪ್ಪ ಒಂದು ವಾಟಿ, ಸಕ್ಕರಿ ಕರಗುವ ತನಕ ಬಿಸಿ ಮಾಡುವುದು, ಮೈದಾ ಹಿಡಿಸಿದಷ್ಟು. ನಾಲ್ಕನೆಯ ಸಾಲಿನ ನಡುವೆ ಎಣ್ಣೆ ಸಿಡಿದು ಎರಡಕ್ಷರ ಅಳಿಸಿಹೋಗಿವೆ. ಕಳೆದ ದೀಪಾವಳಿಯಿಂದ ಮನೆತನ ಎರಡು ಪಂಗಡವಾಗಿರುವುದು ಈ ಎರಡಕ್ಷರದ ದೆಸೆಯಿಂದ. ಅಲ್ಲಿದ್ದದ್ದು ‘ಉಪ್ಪು’ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪೂರ್ವಪಕ್ಷದ ಮುಖ್ಯ ಪ್ರತಿಪಾದಕರು ಇಳಕಲ್ಲಿನ ಚಿಗವ್ವ. ಅವರ ವಾದ ಸರಳ: “ಅಲ್ಲೆ ಎಣ್ಣಿ ಅಂತ ಬರದಿತ್ತೋ ತಮ್ಮಾ. ಅದಕ್ಕ ಎಣ್ಣಿ ಬಿದ್ದೈತಿ.”

ಹಸ್ತಪ್ರತಿಯ ಪರಂಪರೆಯನ್ನು ಮೊದಲು ನೋಡಬೇಕು. ಅದು ಹಳೇ ಬಾಗಲಕೋಟೆಯ ಅಡುಗೆಮನೆಯ ಜಂತಿಯ ಸಂದಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಓಣಿಗಳು ನವನಗರದ ಸೆಕ್ಟರುಗಳಿಗೆ ಸ್ಥಳಾಂತರವಾದಾಗ ಭೂದಾಖಲೆಗಳ ಜೊತೆ ಒಂದೇ ಚೀಲದಲ್ಲಿ ಹೊರಬಂತು. ಪರಿಹಾರದ ಕಾಗದಗಳಿಗೆ ಬೀಳದ ಎಣ್ಣೆ ಇದಕ್ಕೇ ಏಕೆ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ: ಆ ಕಾಗದಗಳನ್ನು ಒಲೆಯ ಮುಂದೆ ಕೂತು ಓದುವವರು ಯಾರೂ ಇರಲಿಲ್ಲ.

‘ಹಿಡಿಸಿದಷ್ಟು’ ಎಂಬ ಪದದ ಮೇಲೆ ನಾಲ್ಕೂ ಊರುಗಳಲ್ಲಿ ಮೌಖಿಕ ವ್ಯಾಖ್ಯಾನಗಳಿವೆ. ಬಾಗಲಕೋಟೆಯವರು ನಾಲ್ಕು ವಾಟಿ ಎನ್ನುತ್ತಾರೆ, ಹುನಗುಂದದವರು ಐದು. ಬಾದಾಮಿಯ ದೊಡ್ಡವ್ವ ಸಂಖ್ಯೆಗಳನ್ನೇ ಒಪ್ಪುವುದಿಲ್ಲ. “ಕೈಗೆ ಗೊತ್ತಾಗ್ತೈತಿ” ಎಂಬುದು ಅವರ ಭಾಷ್ಯ. ಕೈಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗದೆ ಇರುವುದರಿಂದಲೇ ಈ ಶಾಸ್ತ್ರ ಇಷ್ಟು ವರ್ಷ ಬದುಕಿದೆ.

ಇನ್ನು ಕಾಲನಿರ್ಣಯ. ಬಾದಾಮಿಯ ಕಾಕಾ ಇದನ್ನು ಚಾಲುಕ್ಯರ ಕಾಲಕ್ಕೆ ಒಯ್ಯುತ್ತಾರೆ. 578ರ ಮಂಗಳೇಶನ ಗುಹಾಶಾಸನವನ್ನು ಪರಿಶೀಲಿಸಲಾಯಿತು, ಶಂಕರಪಾಳಿಯ ಉಲ್ಲೇಖವಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹರ್ಷನ ಸೋಲನ್ನು ಹಾಡಿ, ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೂ ಸೇರಿಸಿಕೊಂಡ. ಐದು ಸಾಲಿನ ಪಾಕಕ್ಕೆ ಮಾತ್ರ ಕಲ್ಲಿನಲ್ಲಿ ಜಾಗ ಉಳಿಯಲಿಲ್ಲ. ಕಪ್ಪೆ ಅರಭಟ್ಟನ ಶಾಸನದಲ್ಲಿ ಮಾಧುರ್ಯದ ಪ್ರಸ್ತಾಪವಿದೆ, ಉಪ್ಪಿನದಿಲ್ಲ. ಚಿಗವ್ವ ಇದನ್ನೇ ಹಿಡಿದು ಕೂತಿದ್ದಾರೆ. 1508ರ ಸುಮಾರಿಗೆ ಸೂಪಶಾಸ್ತ್ರ ಬರೆದ ಮೂರನೆಯ ಮಂಗರಸನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅವನು ಮೈಸೂರು ಸೀಮೆಯವನು, ನಮ್ಮ ಕಡೆಯ ಎಣ್ಣೆಯ ಕಾವು ಅವನಿಗೇನು ಗೊತ್ತು ಎಂದು ಹುನಗುಂದದವರು ತಳ್ಳಿಹಾಕಿದರು.

ಚಾಲುಕ್ಯವಾದಕ್ಕೆ ಕೊನೆಯ ಮೊಳೆ ಹೊಡೆದದ್ದು ಹಸ್ತಪ್ರತಿಯೇ. ಬೆಳಕಿಗೆ ಹಿಡಿದರೆ ‘ತುಪ್ಪ’ದ ಕೆಳಗೆ ‘ಡಾಲ್ಡಾ’ ಎಂದು ಬರೆದು ಹೊಡೆದುಹಾಕಿದ ಗುರುತಿದೆ. ಡಾಲ್ಡಾ ಭಾರತದ ಪೇಟೆಗೆ ಬಂದದ್ದು 1937ರಲ್ಲಿ. ಅಂದರೆ ‘ಅನಾದಿ ಕಾಲದಿಂದ’ ಎಂದು ನಾವು ಹೇಳಿಕೊಂಡು ಬಂದ ಪಾಠದ ಮೂಲಸ್ತರದಲ್ಲೇ ತಾಳೆಮರದ ಚಿತ್ರವಿದ್ದ ಡಬ್ಬಿ ಕೂತಿದೆ. ತುಪ್ಪವೇ ತಿದ್ದುಪಡಿಯಾಗಿರುವಾಗ ಉಪ್ಪಿಗೆ ಬಾಗಿಲು ಹಾಕುವ ಅಧಿಕಾರ ಯಾರಿಗಿದೆ?

ಸಿದ್ಧಾಂತಕ್ಕೆ ಬರೋಣ. ತುಪ್ಪ ಹಿಟ್ಟಿನ ಕಣಗಳಿಗೆ ಸವರಿಕೊಂಡು ಗ್ಲುಟೆನ್ ಎಳೆಯಾಗದಂತೆ ತಡೆಯುತ್ತದೆ. ಶಂಕರಪಾಳಿ ಗರಿಗರಿಯಾಗುವ ಗುಟ್ಟು ಅದು. ಆದರೆ ಊರಿಗೊಂದು ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆಯಲ್ಲಿ ಸಕ್ಕರೆಯ ವಾಟಿ ತಲೆಮಾರಿನಿಂದ ತಲೆಮಾರಿಗೆ ಗೋಪುರವಾಗುತ್ತ ಬಂದಿದೆ. ಆ ಸಕ್ಕರೆ ಕರಿಯುವಾಗ ಅಂಚಿನಲ್ಲಿ ಬೇಗ ಕೆಂಪಾಗಿ ಸಣ್ಣ ಕಹಿ ಬಿಡುತ್ತದೆ. ಉಪ್ಪಿನ ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ಹತ್ತಿಕ್ಕುತ್ತದೆ, ಸಿಹಿ ತಾನಾಗಿ ಮುಂದೆ ಬರುತ್ತದೆ. ಪ್ರಮಾಣ: ಎರಡು ಬೆರಳಿಗೆ ಸಿಕ್ಕಷ್ಟು ಒಂದು ಚಿಟಿಕಿ. ಹಾಕುವ ಜಾಗ: ಬಿಸಿ ಹಾಲು. ತುಪ್ಪದಲ್ಲಿ ಉಪ್ಪು ಕರಗದು. ಹಿಟ್ಟಿಗೆ ಹಾಕಿದರೆ ಹರಳು ಹಾಗೇ ಉಳಿದು ಯಾವನೋ ಒಬ್ಬನ ಹಲ್ಲಿಗೆ ಸಿಕ್ಕು ಇಡೀ ಸಿದ್ಧಾಂತದ ಮಾನ ಹೋಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವ ಹಾಗೆ ಇಲ್ಲಿ ಉಪ್ಪು ಎಂದು ಚಿಗವ್ವನಿಗೆ ಅವರದೇ ಊರಿನ ದೃಷ್ಟಾಂತ ಕೊಟ್ಟೆ. “ಕೊಂಡಿ ಹೊರಗ ಕಾಣಬಾರದು” ಎಂದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ ತಿಳಿಯದು. 1930ರಲ್ಲಿ ಅಂಕೋಲೆಯಲ್ಲಿ ಜನ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದರು; ಉಪ್ಪಿನ ವಿರುದ್ಧ ಉಪವಾಸ ಕೂತ ಕೀರ್ತಿ ನಮ್ಮ ಮನೆತನಕ್ಕೆ ಸಲ್ಲಬೇಕು, ಅದೂ ದೀಪಾವಳಿಯ ಫರಾಳದ ದಿನ.

ಈ ನಡುವೆ ಹುನಗುಂದ ಶಾಖೆಯವರು, ಅಮೀನಗಡ ಪಕ್ಕದಲ್ಲೇ ಇರುವ ಬಲದಿಂದ, ಕರದಂಟಿನ ಹಾಗೆ ಇದಕ್ಕೂ ಅಂಟು ಹುರಿದು ಹಾಕಬೇಕೆಂದು ತಿದ್ದುಪಡಿ ಮಂಡಿಸಿದರು. ಅನುಮೋದಿಸುವವರು ಸಿಗಲಿಲ್ಲ. ಉಪ್ಪಿನ ಮತ್ತು ಸಪ್ಪನೆಯ ಮಾದರಿಗಳನ್ನು ಬಾದಾಮಿಯ ಗುಹೆಗಳ ಬಳಿ ನಿಷ್ಪಕ್ಷಪಾತ ಪರಿಶೀಲಕರ ಮುಂದಿಡುವ ಯತ್ನವೂ ನಡೆಯಿತು. ಮಂಗಗಳು ಎರಡನ್ನೂ ಡಬ್ಬಿ ಸಮೇತ ಒಯ್ದವು.

ನಿರ್ಣಾಯಕ ಪ್ರಯೋಗ ಬನಶಂಕರಿ ಜಾತ್ರೆಗೆ ಎಲ್ಲರೂ ಕೂಡಿದಾಗ, ದೊಡ್ಡವ್ವನ ಪಡಸಾಲೆಯಲ್ಲಿ ಆಯಿತು. ಮೊದಲ ತುಂಡು ಎಣ್ಣೆಯಲ್ಲಿ ತಳಕ್ಕೆ ಹೋಗಿ, ನಿಧಾನ ಗುಳ್ಳೆ ಬಿಡುತ್ತ ಮೇಲೆದ್ದಿತು, ಕಾವು ಸರಿಯಿತ್ತು. ಎರಡು ತಾಟು, ಒಂದರಲ್ಲಿ ಮಾತ್ರ ಉಪ್ಪು; ಯಾವುದರಲ್ಲಿ ಎಂದು ಯಾರಿಗೂ ಹೇಳಲಿಲ್ಲ. ಚಿಗವ್ವ ಎರಡರಿಂದಲೂ ಒಂದೊಂದು ತಿಂದರು. ಉಪ್ಪಿನ ತಾಟಿನಿಂದ ಮತ್ತೊಂದು ತಿಂದರು. ಇನ್ನೊಂದನ್ನು ಸೆರಗಿನ ಗಂಟಿಗೆ ಹಾಕಿಕೊಂಡು ತೀರ್ಪು ಕೊಟ್ಟರು: “ಇದು ಚಲೋ ಆಗೈತಿ. ತುಪ್ಪ ಕೈಬಿಟ್ಟು ಹಾಕೀರಿ.”

ಉಪ್ಪಿನ ವಿಷಯವನ್ನು ಎಷ್ಟು ವಿವರಿಸಿದರೂ ಅವರು ನಂಬಲಿಲ್ಲ. ಇಳಕಲ್ಲಿಗೆ ಮರಳಿದ ವಾರದಲ್ಲೇ ತುಪ್ಪವನ್ನು ಎರಡು ವಾಟಿ ಮಾಡಿ ಶಂಕರಪಾಳಿಗೆ ಇಟ್ಟರು. ಜಿಡ್ಡು ಅತಿಯಾದ ಹಿಟ್ಟಿಗೆ ಹಿಡಿತ ಎಲ್ಲಿಂದ ಬರಬೇಕು? ಬಾಣಲೆಗೆ ಬಿಟ್ಟ ತುಂಡೆಲ್ಲ ಎಣ್ಣೆಯಲ್ಲಿ ಪುಡಿಪುಡಿಯಾಯಿತು. ಚಿಗವ್ವ ಅದನ್ನು ಜಾಲರಿಯಲ್ಲಿ ಸೋಸಿ, ಬೆಲ್ಲದ ಪಾಕ ಹಾಕಿ ಉಂಡಿ ಕಟ್ಟಿದರು. ಅದು ತಮ್ಮ ತವರಿನಲ್ಲಿ ಮೂರು ತಲೆಮಾರಿನಿಂದ ಬಂದ ಪದ್ಧತಿ ಎಂದು ಬಾದಾಮಿಯವರಿಗೆ ಫೋನು ಮಾಡಿ ಆಗಲೇ ಹೇಳಿಯಾಗಿದೆ.