ಪಿಪಿಟಿ ಮಹಾಶಯರಿಗೊಂದು ಬಹಿರಂಗ ಪತ್ರ

ಶಿಕ್ಷಕರ ತರಬೇತಿಯ ಏಕಚಕ್ರಾಧಿಪತಿಗಳೂ ನೂರಾ ಹನ್ನೆರಡು ಸ್ಲೈಡುಗಳ ಒಡೆಯರೂ ಆದ ಶ್ರೀಮಾನ್ ಪಿಪಿಟಿ ಮಹಾಶಯರ ಸನ್ನಿಧಾನಕ್ಕೆ, ಇಳಕಲ್ ಕಡೆಯ ಹೈಸ್ಕೂಲಿನ ಗಣಿತ ಮಾಸ್ತರನ ಸಾಷ್ಟಾಂಗ ನಮಸ್ಕಾರಗಳು.

‘ಮಕ್ಕಳ ಸಂಸ್ಕೃತಿಯಿಂದಲೇ ಪಾಠ ಶುರುವಾಗಲಿ’ ಎಂದು ತಾವು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದಾಗ ನನ್ನ ಕಣ್ಣು ತುಂಬಿ ಬಂತು. ಭಿನ್ನರಾಶಿಗೆಂದು ತೋರಿಸಿದ ಪಿಜ್ಜಾ ಅಂತೂ ಅಮೋಘ. ರೊಟ್ಟಿ ಬಡಿಯುವ ಮನೆಗಳ ಮಕ್ಕಳು ಅದನ್ನು ತಿಂದಿಲ್ಲ ಎಂಬುದು ಅವರ ಪ್ರಾರಬ್ಧ. ತಮ್ಮ ತಪ್ಪೇನೂ ಇಲ್ಲ.

ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ಅಮೆರಿಕದ ವಿದುಷಿಯ ಹೆಸರನ್ನು ದಪ್ಪಕ್ಷರದಲ್ಲಿ ದಯಪಾಲಿಸಿದಿರಿ, ಧನ್ಯನಾದೆ. ಆಕೆ ಎಂಟು ಮಂದಿ ಶಿಕ್ಷಕಿಯರನ್ನು ಕೂಡಿಸಿ, ಒಬ್ಬರ ತರಗತಿಯ ವಿಡಿಯೊ ಇನ್ನೊಬ್ಬರು ನೋಡಿ ಚರ್ಚಿಸುವಂತೆ ಮಾಡಿದ್ದನ್ನು ಮಾತ್ರ ಗುಟ್ಟಾಗಿಟ್ಟಿರಿ. ಹೇಳಿದ್ದರೆ ನಮಗೂ ಮಾತಾಡುವ ದುರಭ್ಯಾಸ ಅಂಟುತ್ತಿತ್ತು.

ಅಂಟಿಯೇ ಬಿಟ್ಟಿತು, ಸ್ವಾಮಿ, ಕ್ಷಮಿಸಬೇಕು. ಎರಡನೇ ದಿನ ಕರೆಂಟು ಹೋಗಿ ತಾವು ಹನ್ನೆರಡು ನಿಮಿಷ ಅಂತರ್ಧಾನರಾದಿರಲ್ಲ, ಆಗ ಪಕ್ಕದ ಅಕ್ಕೋರು ತಮ್ಮ ಪಾಠ ಬಿಚ್ಚಿದರು: “ಕ್ಷೇತ್ರಫಲಕ್ಕ ನಾ ಗುಂಟೆ ತೊಗೋತೀನ್ರಿ ಸರ. 33 ಫೂಟ್ ಉದ್ದ, 33 ಫೂಟ್ ಅಗಲ, 1,089 ಚದರ ಫೂಟ್. ಅಂಥಾವು 40 ಕೂಡಿದ್ರ ಎಕರೆ. ಹೊಲದ ಮನಿ ಮಕ್ಕಳು ನನಗಿಂತ ಮೊದಲ ಲೆಕ್ಕ ಹೇಳತಾವ.” ನಾನೂ ಸುಮ್ಮನಿರಲಿಲ್ಲ. ನಮ್ಮಲ್ಲಿ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಸಮೀಕರಣ ಹೇಳುವಾಗ ನೇಕಾರರ ಹುಡುಗಿಯೊಬ್ಬಳು, “ಎರಡೂ ಕಡೆ ಎಳೆ ಸಮ ಇರಬೇಕಲ್ರಿ ಸರ” ಅಂದದ್ದನ್ನು ಹೇಳಿದೆ. ಅಕ್ಕೋರು ಅದನ್ನು ಹಾಜರಿ ಹಾಳೆಯ ಹಿಂಬದಿಗೆ ಬರೆದುಕೊಂಡರು.

ಅಷ್ಟರಲ್ಲಿ ತಾವು ಪುನಃ ಪ್ರತ್ಯಕ್ಷರಾದಿರಿ. ಸಂಪನ್ಮೂಲ ವ್ಯಕ್ತಿಗಳು ಗದರಿದರು: “ಸೈಲೆನ್ಸ್! ಈಗ ‘ಪರಸ್ಪರ ಕಲಿಕೆ’ ಸ್ಲೈಡು.” ನಾವು ಬಾಯಿ ಮುಚ್ಚಿ ಪರಸ್ಪರ ಕಲಿತೆವು. ನಂತರ ಗುಂಪು ಫೋಟೊ, ಗೂಗಲ್ ಫಾರ್ಮು. ‘ಅತ್ಯುತ್ತಮ’ ಒತ್ತದೆ ಪ್ರಮಾಣಪತ್ರ ಇಳಿಯಲಿಲ್ಲವಾಗಿ ಭಕ್ತಿಯಿಂದ ಒತ್ತಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಆಗಲಿ ಎನ್ನುತ್ತದೆ. ನನ್ನ ಖಾತೆಗೆ ಈವರೆಗೆ ಹನ್ನೆರಡು ನಿಮಿಷ ಜಮಾ ಆಗಿದೆ. ಉಳಿದದ್ದಕ್ಕಾಗಿ, ಪ್ರಭುಗಳೇ, ಆಗಾಗ ಹೀಗೇ ಆರಿಹೋಗುವ ಕೃಪೆ ಮಾಡಬೇಕು.

ಇಂತಿ ತಮ್ಮ ವಿಧೇಯ,
ಹಿಂದಿನ ಬೆಂಚಿನ ಶಿಬಿರಾರ್ಥಿ

ವಿ.ಸೂ.: ಬರುವ ಶನಿವಾರ ಅಕ್ಕೋರ ಗುಂಟೆ ಪಾಠ ನೋಡಲು ಅವರ ಶಾಲೆಗೆ ಹೊರಟಿದ್ದೇನೆ. ಇದು ತರಬೇತಿಯಲ್ಲವಾದ್ದರಿಂದ ಅನ್ಯ ಕಾರ್ಯ ನಿಮಿತ್ತದ ಓಓಡಿ ಸಿಗುವುದಿಲ್ಲವಂತೆ, ಸಿಎಲ್ ರಜೆ ಹಾಕಿದ್ದೇನೆ.