ಮೂರು ತಾಲ್ಲೂಕಿನ ಬಾಕಿ

ಬನ್ನಿ ಮೇಷ್ಟ್ರೇ, ಈ ಕಡೆ ಬನ್ನಿ. ದಾಸವಾಳದ ಕೊಂಬೆ ಹುಷಾರು, ಕಣ್ಣಿಗೆ ತಾಗುತ್ತೆ. ಬೆಳಗ್ಗೆಯಿಂದ ನೋಡ್ತಾ ಇದ್ದೀನಿ, ಕಾಂಪೌಂಡ್ ಹತ್ರ ಬರ್ತೀರ, ಇಣುಕ್ತೀರ, ಹಾಗೇ ಹೋಗ್ತೀರ. ಸೈಕಲ್ ಯಾಕೆ ತಲೆಕೆಳಗಾಗಿ ನಿಂತಿದೆ ಅಂತ ತಾನೇ? ಹುರುಳಿ ಕಣ್ರೀ. ಹೊಳೆನರಸೀಪುರದ ದಾರೀಲಿ ನಡುರಸ್ತೇಲೇ ಕಣ ಮಾಡ್ಕೊಂಡು ಕೂತಿದ್ದಾರೆ. ಬಸ್ಸು ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗ್ತವೆ, ಅವಕ್ಕೇನೂ ಆಗಲ್ಲ. ನಮ್ಮ ಫ್ರೀವೀಲಿಗೆ ಮಾತ್ರ ಬಳ್ಳಿ ಸುತ್ಕೊಂಡು ಪೆಡಲ್ಲೇ ತಿರುಗಲ್ಲ. ಅದಕ್ಕೇ ಒಂದೊಂದೇ ಎಳೆ ಬಿಡಿಸ್ತಾ ಕೂತೆ. ಬೈಯೋಕೂ ಬಾಯಿ ಬರಲ್ಲ, ಹುರುಳಿ ಬಸ್ಸಾರು ಅಂದ್ರೆ ಎರಡನೇ ಸಲ ಬಡಿಸ್ಕೊಳ್ಳೋನು ನಾನೇ.

ಮೊನ್ನೆ ಅಲ್ಲಿಗೆ ಹೋಗಿದ್ದು ಫೋಟೋ ತೆಗೆಯೋಕಲ್ಲ, ಕೊಡೋಕೆ. ಅದನ್ನ ಹೇಳಿದ್ರೆ ಯಾರೂ ನಂಬಲ್ಲ. ಈ ರೀಲಿನ ಕ್ಯಾಮೆರಾದ ಹಣೆಬರಹವೇ ಅಷ್ಟು. ಕ್ಲಿಕ್ ಅಂದ ತಕ್ಷಣ ಎದುರಿಗಿರೋರು ಪಕ್ಕಕ್ಕೆ ಬಂದು ನಿಲ್ತಾರೆ, "ಎಲ್ಲಿ, ತೋರ್ಸಿ" ಅಂತ. ತೋರಿಸೋಕೆ ಏನಿದೆ, ಹಿಂದೆ ಕರೀ ಮುಚ್ಚಳ. "ತೊಳೀಬೇಕು ಅಜ್ಜಿ, ತಂದ್ಕೊಡ್ತೀನಿ" ಅಂದ್ರೆ, "ಇಂಗೇ ಹೇಳಿ ಹೋದೋರು ಬೇಕಾದಷ್ಟು ಜನ ಅವ್ರೆ" ಅಂತಾರೆ. ಆ ಮಾತು ಕೇಳಿದ ಮೇಲೆ ಕೊಡದೇ ಇರೋಕಾಗುತ್ತಾ? ಹೀಗೇ ಬೆಳೀತಾ ಬೆಳೀತಾ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಮೂರೂ ತಾಲ್ಲೂಕಲ್ಲಿ ನನ್ನ ಬಾಕಿ ಇದೆ. ಬ್ಯಾಂಕಲ್ಲಿ ಒಂದು ರೂಪಾಯಿ ಸಾಲ ಇಲ್ಲ ನೋಡಿ, ಅರಳೀಕಟ್ಟೆಗಳಲ್ಲಿ ಮಾತ್ರ ತಲೆ ತಪ್ಪಿಸ್ಕೊಂಡು ಓಡಾಡ್ಬೇಕು.

ಪೋಸ್ಟಲ್ಲಿ ಕಳಿಸಬಾರದಾ ಅಂದ್ರಾ? ಯಾವ ವಿಳಾಸಕ್ಕೆ? "ಹಾಲಿನ ಡೇರಿ ಹತ್ರ ಬಂದು ನನ್ನ ಹೆಸರು ಹೇಳು, ಯಾರಾದ್ರೂ ತೋರಿಸ್ತಾರೆ" ಅಂತಾರೆ. ಪಿನ್‌ಕೋಡ್ ಕೇಳಿದ್ರೆ ನಕ್ಕುಬಿಡ್ತಾರೆ. ವಾಟ್ಸಾಪ್ ಮಾತು ಎತ್ತಲೇಬೇಡಿ. ಮೊಮ್ಮಗನ ಫೋನಿಗೆ ಹೋದ ಫೋಟೋ ಮೊಮ್ಮಗನ ಫೋನಲ್ಲೇ ಇರುತ್ತೆ.

ಅರಕಲಗೂಡು ಕಡೆ ಹೋದ್ರೆ ಇನ್ನೊಂದು ಕಥೆ. ಕುತ್ತಿಗೇಲಿ ಕ್ಯಾಮೆರಾ ನೋಡಿದ ಕೂಡ್ಲೇ ಮೊದಲ ಪ್ರಶ್ನೆ, "ಸರ್ವೆಗೆ ಬಂದ್ರಾ? ರೋಡು ಎಷ್ಟು ಅಗ್ಲ ಮಾಡ್ತೀರ?" ಸೈಕಲ್ ನೋಡಿದ ಮೇಲೇ ಅವರಿಗೆ ಸಮಾಧಾನ. ಸರ್ಕಾರದೋರು ಸೈಕಲ್ ತುಳ್ಕೊಂಡು ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ರಾಮನಾಥಪುರದ ಆಸುಪಾಸಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಹಗಲು ರಾತ್ರಿ ಉರೀತಿರ್ತವೆ. ಒಂದು ಬ್ಯಾರನ್ ಸೊಪ್ಪು ಬೇಯೋಕೆ ಐದಾರು ದಿನ, ಅಷ್ಟೂ ದಿನ ಕಾವು ನೋಡ್ಕೊಂಡು ಯಾರಾದ್ರೂ ಒಬ್ರು ಬಾಗಿಲಲ್ಲೇ ಮಲಗಬೇಕು. ಅಂಥಾ ಕಡೆ ಒಬ್ಬ ಯಜಮಾನರು ಸಿಕ್ಕಿದ್ರು. ನಾನು ಸೊಪ್ಪು ಕಟ್ಟೋ ಹೆಂಗಸರ ಫೋಟೋ ತೆಗೀತಾ ಇದ್ರೆ, "ಅದೆಲ್ಲ ಆಮೇಲೆ, ಮೊದ್ಲು ನಂದೊಂದು ತೆಗಿಯಪ್ಪ" ಅಂತ ಒಳಗೋಗಿ ಇಸ್ತ್ರಿ ಪಂಚೆ ಉಟ್ಕೊಂಡು ಬಂದ್ರು. ಏನಕ್ಕೆ ಅಂತೀರಿ? ಹಾರ ಹಾಕೋಕೆ! "ನಮ್ಮಣ್ಣ ಹೋದಾಗ ಆಧಾರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸಿ ಗೋಡೆಗಾಕವ್ರೆ. ನೋಡಿದೋರಿಗೆ ಅಣ್ಣ ಅಂತ ಅನ್ಸೋದೇ ಇಲ್ಲ. ನಂದು ನಾನು ಇರುವಾಗ್ಲೇ ಆಗೋಗ್ಲಿ." ಮೂರು ತೆಗೆಸ್ಕೊಂಡ್ರು, ಒಂದರಲ್ಲೂ ನಗಲಿಲ್ಲ. ಪ್ರಿಂಟ್ ಕೊಟ್ಟಾಗ ಆರಿಸಿದ್ದು ಕಣ್ಣು ಸ್ವಲ್ಪ ಗದರಿಸೋ ಹಾಗಿರೋದನ್ನ. ಮಕ್ಕಳು ಭಯದಲ್ಲಿರಬೇಕಂತೆ.

ಖರ್ಚಾ? ಅದನ್ನ ನಮ್ಮನೇಲಿ ಕೇಳೋ ಹಾಗೆ ಜೋರಾಗಿ ಹೇಳಬೇಡಿ. ಒಂದು ಕಲರ್ ರೋಲು ಸಾವಿರ ರೂಪಾಯಿ ಮೇಲೆ, ಅದರಲ್ಲಿ 36 ಫೋಟೋ. ಮೊದಲು ಊಟೀಲಿ ಸರ್ಕಾರದ್ದೇ ಫ್ಯಾಕ್ಟರಿ ಇತ್ತು, ಹಿಂದೂಸ್ತಾನ್ ಫೋಟೋ ಫಿಲಂಸ್, ‘ಇಂದು’ ಅಂತ ಫಿಲಂ ಬರ್ತಿತ್ತು. ಅದೂ ಮುಚ್ಚಿಹೋಯ್ತು. ನಮಗೆ ಉಳಿದಿರೋದು ಬಡವರ ಊಟಿ ಒಂದೇ. ತಮಾಷೆ ಅಲ್ಲ ಮೇಷ್ಟ್ರೇ, ಬ್ಲ್ಯಾಕ್ ಅಂಡ್ ವೈಟ್ ತೊಳೆಯೋಕೆ ನಮ್ಮ ಹಾಸನದ ಚಳಿ ಬಹಳ ಅನುಕೂಲ. ಡೆವಲಪರ್ 20 ಡಿಗ್ರಿ ಇರಬೇಕು. ಡಿಸೆಂಬರಲ್ಲಿ ಸಂಪಿನ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಐಸ್ ಬೇಡ ಏನೂ ಬೇಡ. ಕಲರ್ ಆದ್ರೆ 38 ಡಿಗ್ರಿ, ಬಾಣಂತಿ ಮನೇಲಿ ಮಗೂಗೆ ನೀರು ಹದ ಮಾಡೋ ಹಾಗೆ ಮೊಣಕೈ ಅದ್ದಿ ಅದ್ದಿ ನೋಡಬೇಕು. ಸರಿಯಾಗಿ ಮೂರೂಕಾಲು ನಿಮಿಷ. ಆ ಮೂರೂಕಾಲು ನಿಮಿಷದಲ್ಲೇ ನಮ್ಮನೇಲಿ ಎಲ್ಲರಿಗೂ ಬಚ್ಚಲುಮನೆ ಅರ್ಜೆಂಟಾಗೋದು.

ಶೆಟ್ಟಿಹಳ್ಳಿ ಚರ್ಚಾ? ಆ ಫೋಟೋ ನಾನು ತೆಗೆಯಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಮಳೆಗಾಲ ಬಂದ್ರೆ ಮುಳುಗುತ್ತೆ, ಬೇಸಿಗೇಲಿ ಏಳುತ್ತೆ. ಎಲ್ಲಾ ಸರಿ. ಆದ್ರೆ ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸೋ ಜೋಡಿಗಳದ್ದೇ ಜಾತ್ರೆ. ಹುಡುಗಿ ಗೌನಿನ ಬಾಲ ಎತ್ತಿ ಬಿಸಾಡೋಕೆ ಅಂತಲೇ ಒಬ್ಬ ಹುಡುಗ ಇರ್ತಾನೆ. ಅದಕ್ಕಿಂತ ಮೊಸಳೆ ಅನ್ನೋ ಊರು ವಾಸಿ. ಹೊಳೆನರಸೀಪುರದ ದಾರೀಲೇ ಇದೆ, ಜೋಡಿ ದೇವಸ್ಥಾನ, ನಾಗೇಶ್ವರ ಒಂದು, ಚೆನ್ನಕೇಶವ ಒಂದು. ಒಳಗೆ ನವರಂಗದಲ್ಲಿ ಕತ್ತಲು. 200ರ ಫಿಲಂ ಹಾಕಿದ್ರೆ ಕೈ ನಡುಗುತ್ತೆ ಅಂತ ಆ ಕಡೆದ ಕಂಬಕ್ಕೆ ಕ್ಯಾಮೆರಾ ಒತ್ತಿ, ಉಸಿರು ಹಿಡಿದು ತೆಗೀಬೇಕು. ಹೊಯ್ಸಳರು ನನಗೋಸ್ಕರ ಸ್ಟ್ಯಾಂಡ್ ಮಾಡಿಟ್ಟಿದ್ದಾರೆ ಅಂದ್ಕೊಳ್ತೀನಿ.

ಕಲ್ಲಿನ ಫೋಟೋ ತೆಗೆಯೋದರಲ್ಲಿ ಒಂದು ಸುಖ ಇದೆ, ಯಾರೂ ಬಾಕಿ ಕೇಳಲ್ಲ. ಚನ್ನರಾಯಪಟ್ಟಣದ ಆಚೆ ನುಗ್ಗೇಹಳ್ಳಿ ಇದ್ಯಲ್ಲ, 1246ರ ಲಕ್ಷ್ಮೀನರಸಿಂಹ ದೇವಸ್ಥಾನ, ಅಲ್ಲಿ ಮಲ್ಲಿತಮ್ಮ, ಬೈಚೋಜ ಅಂತ ಶಿಲ್ಪಿಗಳು ಮೂರ್ತಿ ಕೆಳಗೇ ಹೆಸರು ಕೆತ್ತಿದ್ದಾರೆ. ಅವರ ಕೆಲಸವನ್ನ ರೋಲುಗಟ್ಟಲೆ ತೆಗೆದ್ರೂ "ಎಲ್ಲಿ, ತೋರ್ಸಿ" ಅನ್ನೋರಿಲ್ಲ. ಆದ್ರೆ ಅಲ್ಲಿಂದ ವಾಪಸ್ ಬರೋದಿದೆಯಲ್ಲ! ಆಷಾಢದಲ್ಲಿ ಪಟ್ಟಣದಿಂದ ಹಾಸನಕ್ಕೆ ಮುಖ ಮಾಡಿದ್ರೆ ಪಡುವಣ ಗಾಳಿ ಎದೆ ಮೇಲೆ ಕೈಯಿಟ್ಟು ತಳ್ಳುತ್ತೆ. ಪಕ್ಕದಲ್ಲಿ ಮಂಗಳೂರಿನ ಗ್ಯಾಸ್ ಟ್ಯಾಂಕರು ಹೋದ್ರೆ ಒಂದು ಗಳಿಗೆ ಗಾಳಿ ನಿಂತು ಒಳಕ್ಕೆ ಎಳೆಯುತ್ತೆ, ಮರುಗಳಿಗೆ ಆಚೆಗೆ ನೂಕುತ್ತೆ. ಗೇರ್ ಸೈಕಲ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಕ್ಯಾಮೆರಾನ ಹ್ಯಾಂಡಲ್ ಬ್ಯಾಗಲ್ಲಿ ಇಡೋಕಾಗಲ್ಲ, ಕುಲುಕಾಟಕ್ಕೆ ಲೆನ್ಸಿನ ಸ್ಕ್ರೂಗಳು ಸಡಿಲ ಆಗ್ತವೆ. ಮೈಗೇ ಅಡ್ಡಪಟ್ಟಿ ಹಾಕಿ ಬಿಗಿದ್ಕೊಳ್ತೀನಿ.

ಏನಂದ್ರಿ? ನಿಮ್ಮ ಅಟ್ಟದ ಮೇಲೂ ಒಂದಿದೆಯಾ? ಆಗ್ಫಾ ಕ್ಲಿಕ್ಕಾ? ಅಯ್ಯೋ, ಇಷ್ಟು ವರ್ಷ ಪಕ್ಕದ ಮನೇಲೇ ಇದ್ದು ಒಂದು ಮಾತು ಹೇಳಲಿಲ್ವಲ್ಲ ನೀವು! ಅಮ್ಮಾವ್ರನ್ನ ಕೂಗಿ, ಇಳಿಸಿಕೊಡ್ಲಿ... ಹಾಂ, ಇದೇ. ಬರೋಡಾದಲ್ಲಿ ಮಾಡ್ತಿದ್ದಿದ್ದು, ದಪ್ಪ ರೋಲು, ಹನ್ನೆರಡೇ ಫೋಟೋ. ಧೂಳು ಆಮೇಲೆ ಒರೆಸಿ, ಮೊದಲು ಹಿಂದುಗಡೆ ತಿರುಗಿಸಿ. ಪುಟ್ಟದೊಂದು ಕೆಂಪು ಕಿಟಕಿ ಇದೆಯಲ್ಲ, ಬೆಳಕಿಗೆ ಹಿಡಿದು ನೋಡಿ, ಏನಾದ್ರೂ ಅಂಕಿ ಕಾಣ್ತಿದೆಯಾ? ಏಳಾ? ಏಳು ಕಾಣ್ತಿದ್ರೆ ಒಳಗೆ ರೋಲಿದೆ ಮೇಷ್ಟ್ರೇ! ಯಾರ್ಯಾರು ಇದ್ದಾರೋ ಅದರಲ್ಲಿ. ಬೇಡ ಬೇಡ, ಆ ಕ್ಲಿಪ್ ಮುಟ್ಟಬೇಡಿ, ತೆಗೀಬೇಡಿ, ಹಾಗೇ ಕೈಲಿ ಹಿಡ್ಕೊಂಡಿರಿ, ನಾನೇ ಈ ಕಡೆಯಿಂದ ಹತ್ತಿ ಬರ್ತೀನಿ.