ರೌಟರಿನ ಅಡಿಶಾಸನ: ಒಂದು ಪಾಠಪರಿಷ್ಕರಣೆ

ಸ್ಥಳ: ಧಾರವಾಡದ ಒಂದು ಮನೆ, ಟಿವಿ ಸ್ಟ್ಯಾಂಡಿನ ಹಿಂಭಾಗ, ಕ್ರೋಶೆ ಬಟ್ಟೆಯ ಅಡಿ. ಆಧಾರ: ಬಿಳಿ ಪ್ಲಾಸ್ಟಿಕ್ ಡಬ್ಬಿಯ ಬುಡಕ್ಕೆ ಅಂಟಿಸಿದ ಚೀಟಿ. ಲಿಪಿ: ರೋಮನ್, ಇರುವೆಗಾತ್ರ. ಸ್ಥಿತಿ: ಬಿಸಿಗೆ ಎರಡನೆಯ ಸಾಲು ಮಾಸಿದೆ, ನಾಲ್ಕನೆಯದರ ಮೇಲೆ ಚಹಾ ಚೆಲ್ಲಿದೆ, ಕೊನೆಯ ಸಾಲು ಮಾತ್ರ ಸ್ಫುಟ, ದುರದೃಷ್ಟವಶಾತ್.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಈ ವರ್ಗದ ಶಾಸನ ಒಂದೂ ದಾಖಲಾಗಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮನೆಗೊಂದು ಶಾಸನವಿದ್ದೂ ಅದನ್ನು ಯಾರೂ ತಿರುಗಿಸಿ ನೋಡದ ಕಾಲ ಈ ನಾಡಿನಲ್ಲಿ ಹಿಂದೆಂದೂ ಬಂದಿರಲಿಲ್ಲ.

ಮೊದಲು ಪ್ರಶಸ್ತಿ ಭಾಗ. ಚಾಲುಕ್ಯ ದೊರೆಯ ಹೆಸರು ಕಾಣಿಸುವ ಮುನ್ನ ಬಿರುದುಗಳ ದಿಬ್ಬಣವೇ ಸಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ತರಂಗ ಸೂಸುವ ಸಾಮಾನಾದ್ದರಿಂದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಬೇಕು. 2017ರ ಟೆಲಿಗ್ರಾಫ್ ತಿದ್ದುಪಡಿ ನಿಯಮಗಳಿಂದ ಹುಟ್ಟಿದ ಎಂಟಿಸಿಟಿಇ ಎಂಬ ಕಡ್ಡಾಯ ಪರೀಕ್ಷೆಯೊಂದು ಇದೆ. ಭದ್ರತಾ ಪರೀಕ್ಷೆಯ ಮಾನದಂಡ ಬರೆಯುವ ಎನ್‌ಸಿಸಿಎಸ್ ನಮ್ಮ ಬೆಂಗಳೂರಿನಲ್ಲೇ ನೆಲೆಸಿದೆ. ಅಡಾಪ್ಟರ್ ಎಂಬ ಸಾಮಂತನಿಗೆ ಬಿಐಎಸ್ ನೋಂದಣಿ ಪ್ರತ್ಯೇಕ. ಅವನ ಶಾಸನ ಅವನ ಮೈಮೇಲೆಯೇ ಉಂಟು. ಇಷ್ಟೂ ಬಿರುದು ಗಳಿಸಲು ಆದ ಖರ್ಚನ್ನು ಕೊನೆಗೆ ತೆರುವವರು ಯಾರು? ಶಾಸನ ಮೌನವಾಗಿದೆ, ಬಿಲ್ಲು ಮಾತಾಡುತ್ತದೆ. ಇಲ್ಲಿ ನಾಲ್ಕು ಜನ ಕೊಳ್ಳಬಹುದಾದ ಮಾಡೆಲ್ಲಿಗೆ ಇಷ್ಟೆಲ್ಲ ಪರೀಕ್ಷೆ ಯಾಕೆಂದು ಕಂಪನಿ ಅದನ್ನು ತರುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಆ ಪೀಸು ಬರಲ್ಲ ಸಾರ್’ ಎಂಬ ವಾಕ್ಯದ ಶಾಸ್ತ್ರೀಯ ವಿವರಣೆ ಇದೇ.

ಇನ್ನು ವಂಶಾವಳಿ. ಟೆಲಿಕಾಂ ಕಂಪನಿಗಳು ತಮ್ಮ ಜಾಲಕ್ಕೆ ಜೋಡಿಸುವ ಹೊಸ ಉಪಕರಣ ‘ವಿಶ್ವಾಸಾರ್ಹ ಮೂಲ’ದಿಂದಲೇ ಬಂದಿರಬೇಕೆಂದು ಕೇಂದ್ರ ಸಂಪುಟದ ಭದ್ರತಾ ಸಮಿತಿ 2020ರ ಡಿಸೆಂಬರಿನಲ್ಲಿ ನಿರ್ಧರಿಸಿತು. ಜಾರಿಯಾದದ್ದು 2021ರ ಜೂನ್ 15ಕ್ಕೆ. ಚೀನಾ ಸೈನ್ಯದೊಂದಿಗೆ ಗಲ್ವಾನ್ ಕಣಿವೆಯ ಕಾದಾಟ ನಡೆದದ್ದು 2020ರ ಜೂನ್ 15ರ ರಾತ್ರಿ. ಕಾಲನಿರ್ಣಯ ಬಲ್ಲವರಿಗೆ ಹೆಚ್ಚು ವಿವರಣೆ ಬೇಡ. ಚೀನೀ ಸಾಮಾನಿನ ಮೇಲಿನ ಅನುಮಾನ ನ್ಯಾಯವಾದದ್ದೇ, ಅದನ್ನು ಈ ಪ್ರಬಂಧ ಅಲ್ಲಗಳೆಯುವುದಿಲ್ಲ.

ಆದರೆ ಗೋತ್ರ ಕೇಳಿದ ಮಾತ್ರಕ್ಕೆ ಗುಣ ತಿಳಿದೀತೆ? ಇದು ನಮ್ಮ ಪೂರ್ವಪಕ್ಷದ ಕೊರಳಿಗೆ ಸಿಕ್ಕಿಕೊಂಡ ಮುಳ್ಳು. 2024ರ ಜನವರಿಯಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ಸಂಗತಿ ನೋಡಿ: ಚೀನಾ ಬೆಂಬಲಿತ ‘ವೋಲ್ಟ್ ಟೈಫೂನ್’ ಹ್ಯಾಕರ್ ತಂಡ ಮನೆ ಮತ್ತು ಸಣ್ಣ ಕಚೇರಿಗಳ ರೌಟರುಗಳೊಳಗೆ ಅಡಗಿ ಕೂತಿತ್ತು. ಆ ಡಬ್ಬಿಗಳಲ್ಲಿ ಬಹುಪಾಲು ಸಿಸ್ಕೊ ಮತ್ತು ನೆಟ್‌ಗಿಯರ್‌ನವು. ಎರಡೂ ಅಮೆರಿಕದ ಕುಲೀನ ಮನೆತನ. ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದ ಮುದಿ ಡಬ್ಬಿಗಳಾಗಿದ್ದವು, ಅಷ್ಟೇ. ಕಳ್ಳ ಪರದೇಶದವನು, ಬಾಗಿಲು ಸ್ವದೇಶದ್ದು, ಚಿಲಕ ಯಾರದೂ ಅಲ್ಲ.

ಈಗ ಕೂಟಶಾಸನದ, ಅಂದರೆ ನಕಲಿ ಶಾಸನದ ಪ್ರಶ್ನೆ. ಗಂಗರ ತಾಮ್ರಪಟಗಳು ಕೂಟವೆಂದು ಶಾಸನತಜ್ಞ ಫ್ಲೀಟ್, ಅಲ್ಲವೆಂದು ರೈಸ್, ಇಬ್ಬರೂ ವರ್ಷಗಟ್ಟಲೆ ಕಾದಾಡಿದರು. ಅಂಥದೇ ಕಗ್ಗಂಟು ಕ್ಯಾಲಿಫೋರ್ನಿಯದ ಅಳಿಯ ಬಾದಾಮಿ ಪೊಟ್ಟಣದ ಜೊತೆ ಹೊತ್ತು ತಂದ ರೌಟರಿನದು: ಅಲ್ಲಿ ಅಸಲಿ, ಇಲ್ಲಿ ಕೂಟ. ಅಮೆರಿಕ 6 ಗಿಗಾಹರ್ಟ್ಸ್‌ನ 1200 ಮೆಗಾಹರ್ಟ್ಸ್ ಪಟ್ಟಿಯನ್ನು 2020ರ ಏಪ್ರಿಲ್‌ನಲ್ಲೇ ವೈಫೈಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ 2.4 ಗಿಗಾಹರ್ಟ್ಸ್ 2005ರಲ್ಲಿ ಲೈಸೆನ್ಸ್‌ಮುಕ್ತವಾಯಿತು, 2018ರಲ್ಲಿ 5 ಗಿಗಾಹರ್ಟ್ಸ್‌ನ ಬಾಗಿಲು ಅಗಲವಾಯಿತು, 6ರ ಕೆಳಭಾಗದ 500 ಮೆಗಾಹರ್ಟ್ಸ್‌ಗೆ ಕರಡು ನಿಯಮ ಹೊರಬಿದ್ದದ್ದು 2025ರ ಮೇ ತಿಂಗಳಲ್ಲಿ. ನಡುವಣ ವರ್ಷಗಳಲ್ಲಿ ಅಳಿಯನ ಡಬ್ಬಿ ಧಾರವಾಡದಲ್ಲಿ ಅಮೆರಿಕದ ಕಾನೂನನ್ನೇ ಪಾಲಿಸುತ್ತ ಉರಿಯುತ್ತಿತ್ತು. ಅತ್ತೆ ಧಾರಾವಾಹಿ ನೋಡುತ್ತಿದ್ದರು. ಭಾರತ ಸರ್ಕಾರ ಆಗಿನ್ನೂ ಬಿಟ್ಟುಕೊಡದ ತರಂಗದಲ್ಲಿ ತಾವು ಅತಿಕ್ರಮಣ ನಡೆಸಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. (ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸುತ್ತಿದ್ದ ಕಾಲದ ಅವರ ಮಾವನವರು ಇದ್ದಿದ್ದರೆ ಲೈಸೆನ್ಸ್ ಎಲ್ಲಿ ಎಂದು ಖಂಡಿತ ಕೇಳುತ್ತಿದ್ದರು.)

ಶಾಪಾಶಯಕ್ಕೆ ಬರೋಣ. ದತ್ತಿ ಕೆಡಿಸಿದವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂದು ಹಳೆಯ ಶಾಸನಗಳು ಹೆದರಿಸುತ್ತವೆ. ಇಲ್ಲಿ ಚೀಟಿ ಕಿತ್ತವನಿಗೆ ವಾರಂಟಿ ಇಲ್ಲ, ಅಷ್ಟೇ. ಕಲಿಗಾಲದಲ್ಲಿ ಶಾಪವೂ ಸವೆದಿದೆ.

ಉಳಿದದ್ದು ಕೊನೆಯ ಸಾಲು. ಪಾಠ: ‘ಬಳಕೆದಾರ: ಅಡ್ಮಿನ್. ಪಾಸ್‌ವರ್ಡ್: ಅಡ್ಮಿನ್.’ ಅಲಂಕಾರಶಾಸ್ತ್ರದ ಪ್ರಕಾರ ಇದು ಪುನರುಕ್ತಿ ದೋಷ. ಭದ್ರತಾಶಾಸ್ತ್ರದ ಪ್ರಕಾರ ಇದು ತೆರೆದಿಟ್ಟ ಬಾಗಿಲು: 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಅರವತ್ತರಷ್ಟು ಜೋಡಿಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಗಟ್ಟಲೆ ಉಪಕರಣಗಳನ್ನು ಸೂರೆಗೊಂಡಿತು. ಅನುಮೋದನೆ, ಪರೀಕ್ಷೆ, ನೋಂದಣಿ ಎಲ್ಲವೂ ಡಬ್ಬಿ ಹೊಸ್ತಿಲು ದಾಟುವವರೆಗೆ. ದಾಟಿದ ಮೇಲೆ ಎಂಟು ವರ್ಷ ಅದು ಕ್ರೋಶೆ ಬಟ್ಟೆಯ ಅಡಿ ಹೇಗೆ ಬದುಕಿತೆಂದು ಕೇಳಲು ಯಾವ ಇಲಾಖೆಯೂ ಬರುವುದಿಲ್ಲ.

ಕೆಂಪು ಲೈಟು ಮಿನುಗಿದಾಗ ನೆಟ್‌ನವರು ಫೋನಿನಲ್ಲಿ ಉಪದೇಶಿಸುವ ಮೂಲಮಂತ್ರವೊಂದುಂಟು: ‘ಅಮ್ಮಾ, ಒಂದ್ಸಲ ಆಫ್ ಮಾಡಿ ಆನ್ ಮಾಡ್ರಿ.’ ಕರ್ತೃ ಅಜ್ಞಾತ. ಇದನ್ನು ಲಘುವಾಗಿ ಕಾಣಬಾರದು. ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶ 54 ದೇಶಗಳಲ್ಲಿ 5 ಲಕ್ಷ ಉಪಕರಣಗಳಿಗೆ ಹೊಕ್ಕಿದ್ದಾಗ, 2018ರ ಮೇ ತಿಂಗಳಲ್ಲಿ ಎಫ್‌ಬಿಐ ಜನರಿಗೆ ಬಹಿರಂಗವಾಗಿ ಹೇಳಿದ ಮೊದಲ ಪರಿಹಾರವೂ ಇದೇ. ಧಾರವಾಡದ ಲೈನ್‌ಮ್ಯಾನ್ ಮತ್ತು ವಾಷಿಂಗ್ಟನ್ನಿನ ಪತ್ತೇದಾರರು ಒಂದೇ ಸಂಪ್ರದಾಯದವರು.

ಬ್ರಿಟನ್ನಿನ ಕಾನೂನು 2024ರ ಏಪ್ರಿಲ್ 29ರಿಂದ ಈ ಎರಡು ಮಾತನ್ನೂ ಹೇಳಿದೆ: ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ, ಅಪ್‌ಡೇಟ್ ಎಂದಿನವರೆಗೆ ಕೊಡುತ್ತೇವೆಂದು ತಯಾರಕರು ಮೊದಲೇ ಪ್ರಕಟಿಸಬೇಕು. ಈ ಎರಡನೆಯದನ್ನು ಕೇಳಲು ನಮಗೆ ಕಾನೂನಿನ ಅಪ್ಪಣೆ ಬೇಕಿಲ್ಲ. ಮುಂದಿನ ಸಲ ರೌಟರ್ ಕೊಳ್ಳುವಾಗ ಅಂಗಡಿಯವರನ್ನು ಕೇಳಿ. ಉತ್ತರ ಬರುವವರೆಗೆ ದುಡ್ಡು ಕೊಡಬೇಡಿ.